ಸಂಗಪ್ಪ ಕೊಂಡ ಪಿಸ್ತೂಲು

ಅಜ್ಮಲ್ ಖಾಲಿ ಚೀಲ ಹಿಡಿದು, ಅರ್ಧ ಇಳಿಸಿದ್ದ ಷಟರಿನ ಕೆಳಗೆ ಬಗ್ಗಿ ವರ್ಕ್‌ಶಾಪಿನ ಒಳಗೆ ಬಂದಾಗ ದೇವರ ಮುಂದಿನ ದೀಪ ಉರಿಯುತ್ತಿತ್ತು. ಲೇಥ್ ಮೆಷಿನ್ನಿಗೆ ಸುತ್ತಿದ್ದ ಚೆಂಡು ಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಒಳಕೋಣೆಯ ಮಂಚದ ಮೇಲೆ ಸಂಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಸಂಗಪ್ಪಣ್ಣ, ಎಲ್ಲ ಮನೆಗೂ ಹೋಳಿಗೆ ತಲುಪಿಸಿ ಆಯ್ತು."

ಚೀಲವನ್ನು ಮೂಲೆಗಿಟ್ಟ.

ಹತ್ತಿರ ಹೋದ. ದಿಂಬು ತೊಯ್ದಿತ್ತು. ಕಿವಿಯ ಹಿಂದೆ ಒಂದು ತೂತು — ಬಟಾಣಿ ಕಾಳಿನಷ್ಟೇ.

ಅಜ್ಮಲ್ ಮೊದಲು ಫೋನು ಮಾಡಿದ್ದು ಸಂಗಪ್ಪನವರ ಬಾಮೈದ ಅಮರೇಶನಿಗೆ. ಆಮೇಲೆ ಆಫೀಸು ನೋಡಿಕೊಳ್ಳುವ ಸುಮಿತನಿಗೆ. ಪೊಲೀಸರಿಗೆ ಹೇಳಬೇಕು ಎಂದು ಹೊಳೆದದ್ದು ಸುಮಿತನಿಗೆ ಮಾತ್ರ. ಅಮರೇಶ ಹತ್ತು ನಿಮಿಷದಲ್ಲಿ ಬಂದ, ಸುಮಿತ ಇಪ್ಪತ್ತು ನಿಮಿಷಕ್ಕೆ ಬಂದ, ಪೊಲೀಸರು ಅರ್ಧ ಗಂಟೆಗೆ ಬಂದರು. ಅಷ್ಟೂ ಹೊತ್ತು ಅಜ್ಮಲ್ ಹೆಣದ ಪಕ್ಕ ನೆಲದ ಮೇಲೆ ಕೂತು ಅಳುತ್ತಿದ್ದನಂತೆ. ಪೊಲೀಸರು ಹೊರಗೆ ನಿಂತಿದ್ದ ಅವನ ವ್ಯಾನನ್ನು ತಡಕಾಡಿದರು. ಚಾಲಕನ ಸೀಟಿನ ಕೆಳಗೆ, ಎಣ್ಣೆ ಒರೆಸುವ ಬಟ್ಟೆಯಲ್ಲಿ ಸುತ್ತಿ, ಒಂದು ಪುಟ್ಟ ಪಿಸ್ತೂಲು ಇತ್ತು.

ಅಲ್ಲಿಗೆ ಖಲಾಸ್. ಬೇಡಿ ಬಿತ್ತು.

ಇದು ಶುಕ್ರವಾರದ ಕತೆ, ಮಹಾನವಮಿಯ ದಿನದ್ದು. ನಾವು ಇದರೊಳಗೆ ಬಂದದ್ದು ಶನಿವಾರ ಬೆಳಿಗ್ಗೆ. ನಾನು ರೋಶನ್, ಊರು ಮೂಲ್ಕಿ. ಇಲ್ಲಿ ಅರಬರ ನಾಡಿನ ಫಹಾಹೀಲ್ ಪೇಟೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ಲೋಕನಾಥಣ್ಣನ ಎದುರು ಮೇಜಿನವನು. ಲೋಕನಾಥಣ್ಣ ಮೂವತ್ತೊಂದು ವರ್ಷದಿಂದ ಇಲ್ಲಿ ಪರರ ಅರ್ಜಿ ಬರೆಯುತ್ತಿದ್ದಾರೆ — ಇಕಾಮಾ ಎಂಬ ವಾಸದ ಪರವಾನಗಿ, ಮದುವೆ, ಮರಣ, ಎಲ್ಲ. ಅವರ ಅರಬಿ ಕೇಳಿ ಇಲ್ಲಿಯವರೇ ತಲೆದೂಗುತ್ತಾರೆ. ನಮ್ಮವರು ಯಾರಾದರೂ ಸಿಕ್ಕಿಬಿದ್ದರೆ ಠಾಣೆಯಿಂದ ಫೋನು ಬರುವುದು ಅವರಿಗೇ. ಕಾರು ಓಡಿಸುವುದು ನಾನು, ಪೆಟ್ರೋಲೂ ನನ್ನದು. ಇದನ್ನು ಇಲ್ಲಿ ಹೇಳಿದ್ದಕ್ಕೆ ಅವರು ಬೇಸರಿಸುವುದಿಲ್ಲ, ಯಾಕೆಂದರೆ ಮುಖದ ಮೇಲೆಯೇ ನೂರು ಸಲ ಹೇಳಿದ್ದೇನೆ.

ಆದರೆ ಆ ಬೆಳಿಗ್ಗೆ ನನಗೆ ತಮಾಷೆ ಮಾಡುವ ಮನಸ್ಸಿರಲಿಲ್ಲ. ಅಜ್ಮಲ್ ಉಳ್ಳಾಲದ ಹುಡುಗ. ಆರು ವರ್ಷದಿಂದ ನನ್ನ ಪಕ್ಕದ ಕೋಣೆಯವನು. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವನು. ಅವನು ಕೊಲೆ ಮಾಡಿದ ಎಂದರೆ ಎತ್ತು ಈಯಿತು ಎಂದ ಹಾಗೆ. ಆದರೆ ಈ ದೇಶದಲ್ಲಿ ಕೊಲೆಗೆ ನೇಣುಂಟು.

ಠಾಣೆಯಲ್ಲಿ ಕ್ಯಾಪ್ಟನ್ ಎದ್ದು ಕೈಕುಲುಕಿದ. ನಲವತ್ತರ ಆಸುಪಾಸಿನವನು, ಗಡ್ಡ ನೀಟಾಗಿ ಕತ್ತರಿಸಿದ್ದ, ಮಾತು ಕಡಿಮೆ. ಕೆಟ್ಟವನಲ್ಲ. ಎದುರಿಗೆ ಸಾಕ್ಷಿ ಇಷ್ಟು ಚೆನ್ನಾಗಿ ಜೋಡಿಸಿಟ್ಟಿರುವಾಗ ಯಾರಾದರೂ ಅದನ್ನೇ ನಂಬುತ್ತಾರೆ.

"ನಾಳೆ ಬೆಳಿಗ್ಗೆ ಎಂಟಕ್ಕೆ ಪ್ರಾಸಿಕ್ಯೂಟರ್ ಮುಂದೆ ನಿಲ್ಲಿಸುತ್ತೇನೆ," ಎಂದ. "ಇವತ್ತು ಹೇಳಿಕೆ ಮುಗಿಯಬೇಕು. ನೀವು ಭಾಷಾಂತರ ಮಾಡಿ. ಸ್ವಂತದ್ದು ಸೇರಿಸಬೇಡಿ."

"ಸೇರಿಸುವುದಿಲ್ಲ. ಬಿಟ್ಟುಹೋದದ್ದು ಇದ್ದರೆ ಕೇಳಬಹುದೋ?"

ಕ್ಯಾಪ್ಟನ್ ಒಂದು ಕ್ಷಣ ನೋಡಿದ. "ಕೇಳಿ."

ಅಜ್ಮಲನನ್ನು ಕರೆತಂದರು. ಒಂದೇ ರಾತ್ರಿಯಲ್ಲಿ ಮುಖ ಹಿಂಡಿದ ಬಟ್ಟೆಯಾಗಿತ್ತು.

"ಲೋಕಣ್ಣ, ನಾನು ಎಂತದ್ದೂ ಮಾಡ್ಲಿಲ್ಲ."

"ಅದು ಆಮೇಲೆ," ಎಂದರು ಲೋಕನಾಥಣ್ಣ, ಫಾರ್ಮು ತುಂಬಿಸುವ ದನಿಯಲ್ಲೇ. "ಪಿಸ್ತೂಲು ಯಾರದ್ದು?"

"ಸಂಗಪ್ಪಣ್ಣನದ್ದು."

"ನಿನಗೆ ಹೇಗೆ ಗೊತ್ತು?"

"ತಕೊಳ್ಳುವಾಗ ನಾನೇ ಕರ್ಕೊಂಡು ಹೋದದ್ದು."

ಇದನ್ನು ಹೇಳಬಾರದಿತ್ತು ಮಾರಾಯ ಎಂದುಕೊಂಡೆ ನಾನು. ಲೋಕನಾಥಣ್ಣ ಮಾತ್ರ ಅದನ್ನು ಅರಬಿಗೆ ಹಾಗೆಯೇ ಇಳಿಸಿ, ಮುಂದಿನ ಪ್ರಶ್ನೆ ಕೇಳಿದರು.

"ಯಾಕೆ ತಕೊಂಡರು?"

ಅಜ್ಮಲ್ ಹೇಳಿದ್ದು ಇಷ್ಟು. ಜೂನ್ ತಿಂಗಳಿಂದ ಶನಿವಾರ ಬೆಳಿಗ್ಗೆ ವರ್ಕ್‌ಶಾಪು ತೆಗೆದಾಗ ಲೇಥಿನ ಕೆಳಗೆ ಕಬ್ಬಿಣದ ಹೊಸ ಸುರುಳಿಗಳು ಬಿದ್ದಿರುತ್ತಿದ್ದವು. ಶುಕ್ರವಾರ ರಜೆ, ಆದರೂ ಯಾರೋ ಮೆಷಿನ್ ಓಡಿಸುತ್ತಿದ್ದಾರೆ. ಒಂದು ಶುಕ್ರವಾರ ಸಂಗಪ್ಪ ಒಬ್ಬರೇ ನೋಡಲು ಹೋದರು. ಒಳಗಿದ್ದ ಇಬ್ಬರು, ಮುಖಕ್ಕೆ ಬಟ್ಟೆ ಕಟ್ಟಿದವರು, ಅವರ ಕುತ್ತಿಗೆಗೆ ಚಾಕು ಹಿಡಿದು ನೂಕಿ ಓಡಿದರು. ದೂರು ಕೊಟ್ಟರೆ ಕಫೀಲನ, ಅಂದರೆ ಎಲ್ಲರಿಗೂ ಜಾಮೀನು ನಿಂತ ಇಲ್ಲಿಯ ಒಡೆಯನ, ಲೈಸನ್ಸಿಗೆ ತೊಂದರೆ, ಲೈಸನ್ಸು ಹೋದರೆ ಎಲ್ಲರ ಇಕಾಮಾ ಹೋಗುತ್ತದೆ. ಸಂಗಪ್ಪ ಬಾಯಿ ಮುಚ್ಚಿಕೊಂಡರು. ಆದರೆ ಹೆದರಿಕೆ ಹೋಗಲಿಲ್ಲ. ಯಾರು ಒಳಗೆ ಬಂದರೂ ಬೆಚ್ಚುತ್ತಿದ್ದರು. ಆಗಸ್ಟಿನಲ್ಲಿ ಜಹ್ರಾದ ಆಚೆ, ಹಳೇ ಸಾಮಾನಿನ ಅಂಗಳಕ್ಕೆ ವ್ಯಾನಿನಲ್ಲಿ ಹೋದರು. ಹೊರಗೆ ಬಂದಾಗ ಒಂದು ಖರ್ಜೂರದ ಡಬ್ಬ ಕೈಯಲ್ಲಿತ್ತು.

"ದಾರಿಯಲ್ಲಿ ತೆಗ್ದು ತೋರಿಸಿದ್ರು. ಯುದ್ಧದ ಸಮಯದ್ದು ಅಂತೆ, ಯಾರದ್ದೋ ಮಿಲಿಟರಿದು. ನಾನು ಹೇಳಿದೆ, ಸಂಗಪ್ಪಣ್ಣ, ಇದು ಸಿಕ್ಕಿದ್ರೆ ನಮ್ಮ ಕತೆ ಮುಗೀತು ಅಂತ. ಅವ್ರು ಹೇಳಿದ್ರು, ಕೊಲ್ಲೋದಕ್ಕಲ್ಲ ಅಜ್ಮಲ್, ನಿದ್ದೆ ಬರೋದಕ್ಕೆ."

"ಎಲ್ಲಿ ಇಟ್ಟುಕೊಳ್ಳುತ್ತಿದ್ದರು?"

"ಸೊಂಟದ ಬೆಲ್ಟಿನಲ್ಲಿ. ಒಳಬದಿಗೆ ಒಂದು ಜೇಬು ಹೊಲಿಸಿದ್ರು. ಮೇಲಿಂದ ಅಂಗಿ. ಯಾರಿಗೂ ಕಾಣೂದಿಲ್ಲ."

"ಕೊನೆಗೆ ನೀನು ಅದನ್ನು ನೋಡಿದ್ದು ಯಾವಾಗ?"

"ನಿನ್ನೆ ಹನ್ನೆರಡೂವರೆಗೆ. ಹೋಳಿಗೆ ಚೀಲ ಎತ್ತಿ ಕೊಡ್ಲಿಕ್ಕೆ ಬಗ್ಗಿದ್ರು. ಅಂಗಿ ಮೇಲೆ ಹೋಯ್ತು. ಬೆಲ್ಟಿನಲ್ಲೇ ಇತ್ತು."

ಕ್ಯಾಪ್ಟನ್ ಪೆನ್ನು ಕೆಳಗಿಟ್ಟ. "ಇದೊಂದೇ ಮಾತು ನನಗೆ ಸಾಕು. ಎಲ್ಲಿದೆ ಎಂದು ಇವನಿಗೆ ಗೊತ್ತಿತ್ತು. ರಜೆ ಕೊಡಲಿಲ್ಲವೆಂದು ಕಳೆದ ವಾರ ಜಗಳವಾಗಿತ್ತು. ವಾಪಸು ಬಂದ, ಮಲಗಿದ್ದವನ ಸೊಂಟದಿಂದ ಎಳೆದ, ಹೊಡೆದ."

"ಬಂದದ್ದು ಎಷ್ಟು ಗಂಟೆಗೆ?" ಲೋಕನಾಥಣ್ಣ ಅಜ್ಮಲನನ್ನು ಕೇಳಿದರು.

"ಮೂರೂವರೆ."

"ಕೊನೆಯ ಡಬ್ಬ ಯಾರಿಗೆ ಕೊಟ್ಟೆ?"

"ಮೈದಾನ್ ಹವಲ್ಲಿಯಲ್ಲಿ, ಜೂಲಿಯಾನಾ ಸಿಸ್ಟರಿಗೆ. ಎರಡು ಗಂಟೆಗೆ. ಕೇಳಿ ಬೇಕಾದ್ರೆ."

"ಕೇಳಿದ್ದೇವೆ," ಎಂದ ಕ್ಯಾಪ್ಟನ್. "ಎರಡಕ್ಕೆ ಅಲ್ಲಿದ್ದದ್ದು ನಿಜ. ಪಕ್ಕದ ಗ್ಯಾರೇಜಿನ ಕಾವಲುಗಾರ ಟೈರು ಸಿಡಿದಂಥ ಸದ್ದು ಕೇಳಿದ್ದು ಅಸರ್ ಬಾಂಗಿನ ಸ್ವಲ್ಪ ಹೊತ್ತಿನ ಮೇಲೆ. ಅಂದರೆ ಮೂರು ಗಂಟೆ. ಹವಲ್ಲಿಯಿಂದ ಅಹ್ಮದಿ ಬದಿಗೆ ಒಂದು ಗಂಟೆಯಲ್ಲಿ ಬರಬಹುದು."

ಬರಬಹುದು. ನಾನೇ ಎಷ್ಟೋ ಸಲ ಬಂದಿದ್ದೇನೆ. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಲೋಕನಾಥಣ್ಣ ಪಿಸ್ತೂಲು ನೋಡಲು ಕೇಳಿದರು. ಪ್ಲಾಸ್ಟಿಕ್ ಚೀಲದಲ್ಲಿತ್ತು. ಅಂಗೈಯೊಳಗೆ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದು. ಕಪ್ಪು ಬಣ್ಣ ಅಲ್ಲಲ್ಲಿ ಸವೆದು ಉಕ್ಕು ಕಾಣುತ್ತಿತ್ತು. ಹಿಡಿಯ ಮೇಲೆ ಯಾವುದೋ ಸೇನೆಯ ಅಳಿಸಿದ ಮುದ್ರೆ. ಮೇಲಿನ ಗೀರುಗಳ ಸಂದಿಯಲ್ಲಿ ಕೆಂಪು ಕೂತಿತ್ತು.

"ಬೆರಳ ಗುರುತು ಒರೆಸಿದ್ದಾನೆ," ಎಂದ ಕ್ಯಾಪ್ಟನ್. "ಸಂದಿಯ ರಕ್ತ ಒರೆಸಲು ಆಗಲಿಲ್ಲ. ಲ್ಯಾಬು ನಾಳೆ ತೆರೆಯುತ್ತದೆ."

ಲೋಕನಾಥಣ್ಣ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ನನಗೆ ಅವರ ಈ ಚಾಳಿ ಗೊತ್ತು. ಅರ್ಜಿಯಲ್ಲಿ ಯಾರೋ ಸುಳ್ಳು ಹುಟ್ಟಿದ ದಿನ ಬರೆದಾಗಲೂ ಹೀಗೇ ನೋಡುತ್ತಾರೆ.

"ವರ್ಕ್‌ಶಾಪು ಒಮ್ಮೆ ನೋಡಬಹುದೋ?" ಎಂದರು.

"ಯಾಕೆ?"

"ನಮ್ಮ ಹಬ್ಬದ ದಿನ ನಡೆದದ್ದು. ಅಲ್ಲಿ ಎಂತ ಇತ್ತು ಅಂತ ನಿಮ್ಮ ವರದಿಗೆ ಹೆಸರು ಬೇಕಲ್ಲ."

ಕ್ಯಾಪ್ಟನ್ ಗಡಿಯಾರ ನೋಡಿದ. "ಯಲ್ಲಾ, ನಡೆಯಿರಿ. ಅರ್ಧ ಗಂಟೆ."

ಪೂರ್ವ ಅಹ್ಮದಿಯ ಗ್ಯಾರೇಜು ಸಾಲಿನಲ್ಲಿ ಸಂಗಪ್ಪನವರದ್ದು ಕೊನೆಯ ಷಟರು. ಸುಮಿತ ಬೀಗದ ಕೈ ಹಿಡಿದು ಕಾಯುತ್ತಿದ್ದ. ಅಮರೇಶನೂ ಇದ್ದ. ಇಪ್ಪತ್ತೊಂಬತ್ತರ ಗಟ್ಟಿ ಆಳು, ಲೇಥ್ ಕೆಲಸದಲ್ಲಿ ಈ ಸಾಲಿಗೇ ಹೆಸರುವಾಸಿ. ಕಣ್ಣು ಕೆಂಪಾಗಿತ್ತು.

"ನೀನು ಎಲ್ಲಿದ್ದೆ ಅಮರೇಶ?" ಲೋಕನಾಥಣ್ಣ ಕೇಳಿದರು.

"ಎರಡೂವರಿಗೆ ಅಕ್ಕನ್ನ ಫಹಾಹೀಲ್‌ಗೆ ಮನಿಗೆ ಬಿಟ್ನಿರಿ. ಆಮ್ಯಾಲ ರೂಮಿಗೆ ಹೋಗಿ ಮಲಗಿದ್ದೆ. ಅಜ್ಮಲ್ ಫೋನ್ ಮಾಡಿದ ಮ್ಯಾಲ ಓಡಿ ಬಂದೆ."

"ಎರಡೂವರೆಯವರೆಗೆ ಇಲ್ಲೇ ಇದ್ದೆಯಾ?"

"ಇಲ್ಲೇ. ಭಾಂಡೆ ತೊಳದು, ನೆಲಾ ಒರಸಿದ್ನಿ. ಮಾವಾರು ಉಂಡು ಒಳಗ ಅಡ್ಡಾಗಿದ್ರು. ಅಕ್ಕ ದೀಪದ ಮುಂದ ಕುಂತಿದ್ಲು."

"ಪಿಸ್ತೂಲಿನ ವಿಷಯ ಗೊತ್ತಿತ್ತಾ?"

"ಇಲ್ರಿ. ನಿನ್ನೆನs ಗೊತ್ತಾಗಿದ್ದು."

ಸುಮಿತನದು ನೇರ ಕತೆ. ಉಡುಪಿಯವನು, ಹನ್ನೆರಡೂವರೆಗೆ ಅಜ್ಮಲನ ವ್ಯಾನಿನಲ್ಲೇ ಹೊರಟು ಮನೆಯ ಹತ್ತಿರ ಇಳಿದಿದ್ದ. ಆಮೇಲೆ ಹೆಂಡತಿ ಅಶ್ಮಿತಾಳ ಜೊತೆ ಒಂದು ಹುಟ್ಟುಹಬ್ಬದ ಊಟದಲ್ಲಿದ್ದ. ನಲವತ್ತು ಜನ ನೋಡಿದ್ದಾರೆ, ಹಾಡಿದ್ದನ್ನೂ ಕೇಳಿದ್ದಾರೆ, ಪಾಪ.

ಲೋಕನಾಥಣ್ಣ ಪೂಜೆಯ ಕಡೆ ಹೋದರು. ಎರಡು ಡ್ರಮ್ಮಿನ ಮೇಲೆ ಹಲಗೆ, ಹಲಗೆಗೆ ಕೆಂಪು ಬಟ್ಟೆ. ಬನಶಂಕರಿಯ ಪಟ. ಮುಂದೆ ಸಾಲಾಗಿ ಸುತ್ತಿಗೆ, ಸ್ಪ್ಯಾನರು, ವರ್ನಿಯರು, ಅರ, ಗರಗಸ. ಪ್ರತಿಯೊಂದಕ್ಕೂ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮದ ಬೊಟ್ಟು. ಎಲ್ಲ ಇಟ್ಟಲ್ಲೇ ಇತ್ತು.

"ಇದನ್ನು ಯಾಕೆ ಎತ್ತಿಲ್ಲ?" ಕ್ಯಾಪ್ಟನ್ ಕೇಳಿದ.

"ಎತ್ತುವ ಹಾಗಿಲ್ಲ," ಎಂದ ಸುಮಿತ. "ಖಂಡೇ ಪೂಜೆ ಅಂತ ಹೇಳ್ತಾರೆ ಇವರು. ನವಮಿಗೆ ಆಯುಧ ಇಟ್ಟರೆ ಮರುದಿನ ದಶಮಿ ಪೂಜೆ ಆಗುವವರೆಗೆ ಮುಟ್ಟೂದಿಲ್ಲ. ಸಂಗಪ್ಪಣ್ಣ ಇದರಲ್ಲಿ ಭಾರೀ ಕಟ್ಟುನಿಟ್ಟು. ಹೋದ ವರ್ಷ ಒಂದು ಸ್ಪ್ಯಾನರ್ ತಕ್ಕೊಂಡದ್ದಕ್ಕೆ ನನಗೆ ಬೈದದ್ದು ಈಗಲೂ ಕಿವಿಯಲ್ಲಿ ಉಂಟು."

ಪಟದ ಹಿಂದೆ, ಗೋಡೆಗೆ ತಾಗಿದ ಹಾಗೆ, ಇನ್ನೊಂದು ಕೆಂಪು ಬಟ್ಟೆಯ ಮಡಿಕೆ ಇತ್ತು. ಲೋಕನಾಥಣ್ಣ ಕ್ಯಾಪ್ಟನ್ನಿನ ಅಪ್ಪಣೆ ಕೇಳಿ ಅದನ್ನು ಬಿಚ್ಚಿದರು. ಒಳಗೆ ಒಂದು ಅಡಕೊತ್ತು. ಹಳೇ ಕಬ್ಬಿಣದ್ದು, ಹಿಡಿ ಸವೆದದ್ದು.

"ನಿನ್ನೆಯೇ ನೋಡಿದ್ದೇವೆ," ಎಂದ ಕ್ಯಾಪ್ಟನ್. "ಫೋಟೋದಲ್ಲಿದೆ. ಒಂದು ಉಪಕರಣ."

"ಹೌದು," ಎಂದರು ಲೋಕನಾಥಣ್ಣ. "ಸುಮಿತ, ಇದು ಯಾರದ್ದು?"

"ಹೊನ್ನಕ್ಕನದ್ದು, ಸಂಗಪ್ಪಣ್ಣನ ಹೆಂಡತಿಯದ್ದು. ಊಟ ಆದ ಮೇಲೆ ಎಲೆ-ಅಡಿಕೆ ಕೊಟ್ಟರಲ್ಲ. ಇದರಲ್ಲೇ ಅಡಿಕೆ ಕತ್ತರಿಸಿ ನನ್ನ ಕೈಗೆ ಹಾಕಿದ್ದು. ತಿನ್ನುತ್ತಲೇ ವ್ಯಾನು ಹತ್ತಿದ್ದು ನಾನು."

"ಹನ್ನೆರಡೂವರೆಗೆ?"

"ಹೌದು."

ಲೋಕನಾಥಣ್ಣ ಅಡಕೊತ್ತನ್ನು ಮುಟ್ಟಲಿಲ್ಲ. ಬಗ್ಗಿ ಅದರ ಕೆಳಗಿನ ಬಟ್ಟೆಯನ್ನು ನೋಡಿದರು. ಅಮರೇಶ ಒಂದು ಹೆಜ್ಜೆ ಹಿಂದೆ ಸರಿದ. ನಾನು ಅದನ್ನು ಕಂಡೆ, ಆದರೆ ದುಃಖದಲ್ಲಿರುವವನು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

"ಕ್ಯಾಪ್ಟನ್, ಸಂಗಪ್ಪನವರ ಬೆಲ್ಟು ಎಲ್ಲಿದೆ?"

"ಠಾಣೆಯಲ್ಲಿ. ಸೊಂಟದಲ್ಲೇ ಇತ್ತು. ಜೇಬು ಖಾಲಿ."

"ಜೇಬಿನ ಒಳಗೆ ಯಾವ ಬಟ್ಟೆ?"

ಕ್ಯಾಪ್ಟನ್ ಠಾಣೆಗೆ ಫೋನು ಮಾಡಿದ. ಬಿಳಿ ಕ್ಯಾನ್ವಾಸು. ಕಲೆ ಉಂಟೋ? ಮತ್ತೆ ಕೇಳಿದ. ಇಲ್ಲ. ಸ್ವಚ್ಛವಾಗಿದೆ.

ಲೋಕನಾಥಣ್ಣನ ಮುಖ ಬಿಳಚಿಕೊಂಡಿತು. ಗೆದ್ದವರ ಮುಖ ಅದಲ್ಲ. ಕಾರಿನಲ್ಲಿ ನನ್ನ ಪಕ್ಕ ಕೂತು ತುಳುವಿನಲ್ಲಿ ಒಂದೇ ಮಾತು ಹೇಳಿದರು: "ರೋಶನ್, ಇದು ನನಗೆ ಗೊತ್ತಾಗದೆ ಹೋಗಬೇಕಿತ್ತು ಮಾರಾಯ."

ಸಂಜೆ ಐದಕ್ಕೆ ನಾವು ಹೊನ್ನವ್ವನವರ ಮನೆಗೆ ಹೋದೆವು. ಫಹಾಹೀಲಿನಲ್ಲಿ ಮೂರನೇ ಮಹಡಿ. ಅಷ್ಟರಲ್ಲಿ ಲೋಕನಾಥಣ್ಣ ಕ್ಯಾಪ್ಟನ್ನಿಗೆ ಹೇಳಬೇಕಾದ್ದನ್ನು ಹೇಳಿದ್ದರು. ಕ್ಯಾಪ್ಟನ್ ಮಫ್ತಿಯಲ್ಲಿ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಕೆಳಗೆ ಒಂದು ಜೀಪು ನಿಂತಿತ್ತು. ಸಂತಾಪಕ್ಕೆ ಬಂದಿದ್ದ ಹೆಂಗಸರು ಒಳಕೋಣೆಗೆ ಎದ್ದುಹೋದರು. ಹೊನ್ನವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅಮರೇಶ ಅವರ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ.

"ಹೊನ್ನಕ್ಕ, ಈ ಹೊತ್ತಿನಲ್ಲಿ ಕೇಳಬಾರದು. ಆದರೆ ಅಜ್ಮಲನನ್ನು ನಾಳೆ ಎಂಟಕ್ಕೆ ಕರೆದುಕೊಂಡು ಹೋಗ್ತಾರೆ. ಅಲ್ಲಿಂದ ವಾಪಸು ತರುವುದು ಕಷ್ಟ."

ಅವರು ತಲೆ ಎತ್ತಲಿಲ್ಲ.

"ನಿನ್ನೆ ನೀವು ಪೊಲೀಸರಿಗೆ ಎಂತ ಹೇಳಿದ್ರಿ? ಪಿಸ್ತೂಲು ಎಲ್ಲಿರುತ್ತಿತ್ತು?"

"ಅವರ ಸೊಂಟದಾಗs ಇರ್ತಿತ್ರಿ. ಮಲಗಿದ್ರೂ ತಗೀತಿದ್ದಿಲ್ಲ."

"ನಿನ್ನೆಯೂ?"

"...ನಿನ್ನೀನೂ."

"ಪೂಜೆಗೆ ಕುಂಕುಮ ನೀವೇ ಕಲಸಿದ್ದಾ?"

"ಹೂಂ."

"ಯಾವುದರಲ್ಲಿ?"

"ಎಣ್ಣ್ಯಾಗ. ಕಬ್ಬಿಣಕ್ಕ ಒಣಾ ಕುಂಕುಮ ಹತ್ತೂದಿಲ್ಲರೀ."

ಲೋಕನಾಥಣ್ಣ ಒಂದೊಂದು ಮಾತನ್ನೂ ಅರಬಿಗೆ ಹಾಕುತ್ತಿದ್ದರು. ಈಗ ನಿಲ್ಲಿಸಿ, ಕನ್ನಡದಲ್ಲೇ ಮುಂದುವರಿದರು. ದನಿ ಮೆತ್ತಗಿತ್ತು.

"ಪಿಸ್ತೂಲಿನ ಸಂದಿಯಲ್ಲಿ ಕೆಂಪು ಉಂಟು. ಎಲ್ಲರೂ ರಕ್ತ ಅಂದರು. ರಕ್ತ ಅರ್ಧ ದಿನದಲ್ಲಿ ಕಪ್ಪಾಗ್ತದೆ ಅಕ್ಕ. ಇದು ಇವತ್ತು ಬೆಳಿಗ್ಗೆಯೂ ಕೆಂಪಾಗಿಯೇ ಇತ್ತು. ಚೀಲಕ್ಕೆ ಎಣ್ಣೆ ಹತ್ತಿತ್ತು. ಅದು ನಿಮ್ಮ ಕೈಯ ಕುಂಕುಮ."

ಹೊನ್ನವ್ವನವರ ಬೆರಳು ಸೆರಗಿನ ತುದಿಯನ್ನು ಹಿಡಿದುಕೊಂಡಿತು.

"ಅಜ್ಮಲ್ ಹನ್ನೆರಡೂವರೆಗೆ ಹೊರಡುವಾಗ ಅದು ಸೊಂಟದಲ್ಲಿತ್ತು. ಅವನೂ ಸುಮಿತನೂ ಹೋದ ಮೇಲೆ ಸಂಗಪ್ಪನವರು ಅದನ್ನು ತೆಗೆದರು. ಆಯುಧ ಅಂದ ಮೇಲೆ ಅದೂ ಆಯುಧವೇ. ಖಂಡೇ ಪೂಜೆಯ ದಿನ ಅದೊಂದನ್ನು ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ನೀವು ಕುಂಕುಮ ಹಚ್ಚಿ ಪಟದ ಹಿಂದೆ ಬಟ್ಟೆಯಲ್ಲಿ ಮಡಿಸಿಟ್ಟಿರಿ. ಎರಡು ತಿಂಗಳಿಂದ ಸ್ನಾನಕ್ಕೂ ಬಿಚ್ಚದಿದ್ದ ಮನುಷ್ಯ ಅವತ್ತೊಂದು ದಿನ ಬರಿಗೈಯಲ್ಲಿ ಮಲಗಿದರು. ಇದು ಅಜ್ಮಲನಿಗೆ ಗೊತ್ತಿಲ್ಲ. ಅವನು ಕದಿಯುವುದಿದ್ದರೆ ಬೆಲ್ಟಿಗೆ ಕೈ ಹಾಕುತ್ತಿದ್ದ."

"ಮಾವಾರs ಮತ್ತ ತಗೊಂಡಿರಬಹುದು," ಎಂದ ಅಮರೇಶ. ಯಾರೂ ಅವನನ್ನು ಕೇಳಿರಲಿಲ್ಲ.

"ತಕೊಂಡಿದ್ದರೆ ಬೆಲ್ಟಿನಲ್ಲಿ ಇಡುತ್ತಿದ್ದರು. ಬೆಲ್ಟು ಮೈಮೇಲೆಯೇ ಇತ್ತು. ಒಳಗಿನ ಬಿಳಿ ಬಟ್ಟೆಯಲ್ಲಿ ಒಂದು ಕೆಂಪು ಚುಕ್ಕೆ ಇಲ್ಲ. ಹಸಿ ಕುಂಕುಮ ಬಿಡುತ್ತದಾ?"

ಅಮರೇಶ ಅಕ್ಕನ ಕಡೆ ತಿರುಗಿದ.

"ಇನ್ನು ಆ ಅಡಕೊತ್ತು," ಎಂದರು ಲೋಕನಾಥಣ್ಣ. "ಹಲಗೆಯ ಮೇಲೆ ಇದ್ದ ಇಪ್ಪತ್ತಮೂರು ಸಾಮಾನಿಗೂ ಬೊಟ್ಟುಂಟು. ಅದೊಂದಕ್ಕೆ ಇಲ್ಲ. ಅಂದರೆ ಅದು ಪೂಜೆಗೆ ಇಟ್ಟದ್ದಲ್ಲ, ಆಮೇಲೆ ಬಂದದ್ದು. ಅದರ ಅಡಿಯ ಬಟ್ಟೆಯಲ್ಲಿ ಎಣ್ಣೆ-ಕುಂಕುಮದ ಗುರುತು ಉಂಟು, ಅಂಗೈ ಅಗಲ. ಅಡಕೊತ್ತಿಗಿಂತ ದೊಡ್ಡದು. ಪಿಸ್ತೂಲಿನಷ್ಟೇ. ಹೊನ್ನಕ್ಕ, ಅಡಕೊತ್ತು ನಿಮ್ಮದು. ಎರಡೂವರೆಗೆ ನೀವು ಮನೆಗೆ ಹೊರಟ ಮೇಲೆ ವಾಪಸು ಹೋಗಿಲ್ಲ. ಹಾಗಾದರೆ ಎರಡೂವರೆಗೆ ಮೊದಲೇ ಆ ಜಾಗ ಖಾಲಿಯಾಗಿತ್ತು. ಆಗ ಅಜ್ಮಲ್ ಹವಲ್ಲಿಯಿಂದ ಅರ್ಧ ದಾರಿಯನ್ನೂ ಬಂದಿರಲಿಲ್ಲ. ವರ್ಕ್‌ಶಾಪಿನಲ್ಲಿ ಇದ್ದವರು ಮೂರೇ ಜನ. ಒಬ್ಬರು ಸತ್ತರು. ಒಬ್ಬರು ನೀವು."

ಅಮರೇಶನ ಕೈ ಅಕ್ಕನ ಮೊಣಕೈ ಹಿಡಿಯಿತು.

"ಅಕ್ಕಾ, ಮಾತಾಡಬ್ಯಾಡ."

ಕ್ಯಾಪ್ಟನ್ನಿಗೆ ಕನ್ನಡ ಬಾರದು. ಆದರೆ ಆ ಕೈಯನ್ನು ಅವನು ನೋಡಿದ.

"ಅಡಕೊತ್ತು ಅಲ್ಲಿ ಯಾಕೆ ಇಟ್ರಿ ಅಕ್ಕ?" ಲೋಕನಾಥಣ್ಣ ಕೇಳಿದರು.

ಹೊನ್ನವ್ವ ತಲೆ ಎತ್ತಿದರು. ಕುಂಕುಮವಿಲ್ಲದ ಹಣೆ ಬೋಳಾಗಿ ಕಾಣುತ್ತಿತ್ತು. ಹೇಳದಿದ್ದರೆ ಉಳಿಯುವುದು ತಮ್ಮ. ಹೇಳಿದರೆ ಉಳಿಯುವುದು ಒಬ್ಬ ಡ್ರೈವರು, ಯಾರದ್ದೋ ಮಗ. ನಾನು ಅವರ ಜಾಗದಲ್ಲಿದ್ದರೆ ಬಾಯಿ ಬಿಡುತ್ತಿದ್ದೆನೇ? ಎದೆ ಮುಟ್ಟಿ ಹೇಳಲಾರೆ.

"ಖಂಡೆ ಇಟ್ಟ ಜಾಗಾ ಬರೇ ಬಿಡಬಾರದು ಅಂತಿದ್ರು ನಮ್ಮತ್ತಿ," ಎಂದರು ಕೊನೆಗೆ. "ಬರೇ ಬಿಟ್ರ ಮನಿಗೆ ಕೇಡು. ಎಣ್ಣಿ ಹಾಕಾಕ ಹೋದ್ನಿ. ಬಟ್ಟಿ ಕೆಳಗ ಇಳದಿತ್ತು. ಕೈಯಾಗ ಅಡಕೊತ್ತಿತ್ತು. ಅದನ್ನs ಇಟ್ಟೆ."

"ಯಾರು ತಕೊಂಡರು ಅಂತ ಕೇಳಲಿಲ್ವಾ?"

"ಕೇಳಿದ್ನಿ. ಒಳಗ ಹೋಗಿ ಇವರನ್ನ ಎಬ್ಬಿಸಿ ಕೇಳಿದ್ನಿ. ನಾ ಮುಟ್ಟಿಲ್ಲ ಅಂದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಂಜಾನೆ ಪೂಜಿಗಿಂತ ಮೊದಲ, ಮನ್ಯಾಗ, ಅದನ್ನ ಬಿಚ್ಚಿ ಒರಸ್ತಿದ್ರು. ಒಳಗ ಒಂದು ಹೊಸಾ ತುಂಡು ಇತ್ರಿ. ಹಳೇ ಪಿಸ್ತೂಲಿನ್ಯಾಗ ಹೊಸಾದು. ನೋಡಿದವ್ರs ಕುಂತಬಿಟ್ರು. 'ಹೊನ್ನಿ, ಇದು ನಮ್ಮ ಲೇಥಿನ ಮ್ಯಾಲ ಕಡದದ್ದು. ಇದು ನಮ್ಮ ಅಮರೇಶನ ಕೈ. ನಾನs ಕಲಿಸೀನಿ, ನಂಗ ಗೊತ್ತಾಗೂದಿಲ್ಲೇನು?' ಅಂದ್ರು."

ಶುಕ್ರವಾರದ ಆ ಕಬ್ಬಿಣದ ಸುರುಳಿಗಳು ಯಾರವು ಎಂದು ನನಗೆ ಆಗ ಹೊಳೆಯಿತು. ಮರಳಿನಲ್ಲಿ ಉಳಿದುಹೋದ ಹಳೇ ಪಿಸ್ತೂಲುಗಳಿಗೆ ಸವೆದ ಭಾಗ ಕಡೆದು ಕೊಡುತ್ತಿದ್ದವನು ಈ ಹುಡುಗ. ಅವನ ಗಿರಾಕಿಗಳಿಗೆ ಹೆದರಿ ಭಾವ ರಕ್ಷಣೆಗೆಂದು ಪಿಸ್ತೂಲು ಹುಡುಕಿಕೊಂಡು ಹೋದರು. ಅದೇ ಗಿರಾಕಿಗಳ ಮಾಲೇ ಕೈಗೆ ಬಂತು.

"ಅವನಿಗೆ ಹೇಳಿದ್ರಾ?"

"ಊಟಾ ಆದ ಮ್ಯಾಲ ಕರದು ಹೇಳಿದ್ರು. ಹಬ್ಬದಾಗ ಜಗಳಾ ಬ್ಯಾಡ, ನಾಳೆ ಬನ್ನಿ ಕೊಟ್ಟ ಮ್ಯಾಲ ಕಫೀಲ್ ಹತ್ರ ಹೋಗೂಣು, ನೀನs ಒಪ್ಪಿಕೋ, ನಾ ಜೋಡಿ ನಿಂದರ್ತೀನಿ ಅಂದ್ರು. ಪಿಸ್ತೂಲ್ ಇಲ್ಲದ್ದು ಕೇಳಿದ ಮ್ಯಾಲೂ, ಹೊಸಾ ತುಂಡು ತಗದು ಹಾಕಾಕ ಒಯ್ದಿರಬೇಕು, ಹುಡುಗ ಹೆದರ್ಯಾನ, ನಿನ್ನ ಬಿಟ್ಟು ಬರ್ಲಿ, ಮಾತಾಡ್ತೀನಿ ಅಂತ ಮತ್ತ ಅಡ್ಡಾದ್ರು. ಅಷ್ಟ ನಂಬಿದ್ರು ಇವನ್ನ."

"ನೀವು ಕಾರಿನಲ್ಲಿ ಅವನನ್ನು ಕೇಳಿದ್ರಾ?"

"ಕೇಳಿದ್ನಿ. ಇಲ್ಲವ್ವಾ ಅಂದ. ಅವ್ವಾ ಅಂತಾನ ನಂಗ. ನಮ್ಮವ್ವ ಸತ್ತಾಗ ಎರಡು ವರ್ಷದಂವ. ನನ್ನ ಮದುವಿ ಆದಾಗ ನನ್ನ ಸೆರಗು ಹಿಡಕೊಂಡs ಗಂಡನ ಮನಿಗೆ ಬಂದ."

ಅಮರೇಶ ಅಳುತ್ತಿದ್ದ. "ಎಂಥಾ ಮಂದಿ ಅಂತ ನಿಂಗ ಗೊತ್ತಿಲ್ಲ. ಬಾಯಿ ಬಿಟ್ರ ಎಲ್ಲಾರನ್ನೂ ಮುಗಸ್ತಿದ್ರು. ನಿನ್ನನ್ನೂ. ಕೇಳಲಿಲ್ಲ ಮಾವಾ. ಎಷ್ಟ ಕಾಲಿಗೆ ಬಿದ್ನಿ, ಕೇಳಲಿಲ್ಲ." ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡ. ಹೆಚ್ಚು ಹೇಳಬೇಕಾಗಿರಲೂ ಇಲ್ಲ.

"ಅಜ್ಮಲನ ವ್ಯಾನಿಗೆ ಯಾಕೆ ಹಾಕಿದೆ?" ನಾನು ಕೇಳಿಬಿಟ್ಟೆ.

ಅವನು ನನ್ನ ಕಡೆ ನೋಡಲಿಲ್ಲ. "ಅಂವ ಫೋನ್ ಮಾಡಿದ ಮ್ಯಾಲ ಬಂದ್ನಲ್ಲ, ವ್ಯಾನಿನ ಬಾಗಲಾ ತಗದಿತ್ತು," ಎಂದ.

ಅಷ್ಟೇ. ಬಾಗಿಲು ತೆರೆದಿತ್ತು. ಅದಕ್ಕಾಗಿ ಒಬ್ಬನ ಕುತ್ತಿಗೆ.

ಕ್ಯಾಪ್ಟನ್ ಲೋಕನಾಥಣ್ಣನ ಕಡೆ ತಿರುಗಿದ. "ಏನು ಹೇಳಿದಳು? ಒಂದೊಂದು ಮಾತೂ ಬೇಕು."

ಲೋಕನಾಥಣ್ಣ ಬಾಯಿ ತೆರೆದರು. ಮಾತು ಬರಲಿಲ್ಲ. ಮೂವತ್ತೊಂದು ವರ್ಷ ಬೇರೆಯವರ ಬಾಯಿಯಾಗಿದ್ದ ಮನುಷ್ಯ, ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಭುಜ ಮುಟ್ಟಿದೆ. ತಲೆಯಾಡಿಸಿದರು, ಕನ್ನಡಕ ಒರೆಸುತ್ತಲೇ ಇದ್ದರು.

ಹೊನ್ನವ್ವ ಅದನ್ನು ಕಂಡರು. ಹದಿಮೂರು ವರ್ಷ ಈ ಊರಿನಲ್ಲಿದ್ದು ಅವರು ಕಲಿತ ಅರಬಿ ತರಕಾರಿ ಅಂಗಡಿಯಷ್ಟೇ. ತಮ್ಮನ ಕೈಯನ್ನು ತಮ್ಮ ಮೊಣಕೈಯಿಂದ ಬಿಡಿಸಿದರು. ಆ ಕೈಯನ್ನು ಬಿಡದೆ, ಹಿಡಿದುಕೊಂಡೇ, ಕ್ಯಾಪ್ಟನ್ನಿನ ಕಡೆಗೆ ಎತ್ತಿ ತೋರಿಸಿದರು.

"ಹಾದಾ," ಎಂದರು. ಇವನು. ಇನ್ನೊಂದು ಶಬ್ದಕ್ಕೆ ತಡಕಾಡಿದರು. "ಅಖೂಯಿ." ನನ್ನ ತಮ್ಮ.

ಕ್ಯಾಪ್ಟನ್ ಎದ್ದು ನಿಂತ. ಕೆಳಗಿನ ಜೀಪಿಗೆ ಫೋನು ಮಾಡಿದ.

ಅಜ್ಮಲನನ್ನು ಭಾನುವಾರ ಮಧ್ಯಾಹ್ನ ಬಿಟ್ಟರು. ಪಿಸ್ತೂಲು ಕೊಂಡ ದಿನದ ಬಗ್ಗೆ ಸಾಕ್ಷಿ ಹೇಳಬೇಕು, ಕರೆದಾಗ ಬರಬೇಕು ಎಂದು ಸಹಿ ಹಾಕಿಸಿಕೊಂಡರು. ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಅವನಿಗೆ ಊಟ ಕೊಡಿಸಬೇಕು, ತಾಯಿಗೆ ಫೋನು ಹಚ್ಚಿಕೊಡಬೇಕು ಎಂದೆಲ್ಲ ಅಂದುಕೊಂಡಿದ್ದೆ. ಅವನು ಕಾರಿನಲ್ಲಿ ಕೂತು ಕೇಳಿದ್ದು ಬೇರೆ.

"ಸಂಗಪ್ಪಣ್ಣನ ಬಾಡಿ ಊರಿಗೆ ಯಾವಾಗ ಕಳಿಸ್ತಾರೆ?"

"ಕಾಗದ ಆಗ್ಬೇಕು. ಹತ್ತು ದಿನ ಆಗ್ತದೆ ಅಂತ ಲೋಕಣ್ಣ ಹೇಳಿದ್ರು."

"ಹೊನ್ನಕ್ಕನ ಒಟ್ಟಿಗೆ ಯಾರು ಹೋಗೂದು?"

ಗಂಡ ಪೆಟ್ಟಿಗೆಯಲ್ಲಿ, ತಮ್ಮ ಜೈಲಿನಲ್ಲಿ. ಆ ಹೆಂಗಸಿಗೆ ಇಲ್ಲಿ ಇನ್ಯಾರಿದ್ದಾರೆ? ಸಿಗ್ನಲಿನಲ್ಲಿ ಕಾರು ನಿಲ್ಲಿಸಿದೆ.

"ಪೊಲೀಸರು ಬಿಟ್ರೆ ನಾನು ಹೋಗ್ತೇನೆ," ಎಂದ ಅಜ್ಮಲ್. "ಹೇಗೂ ಆ ರಜೆ ನನಗೆ ಬಾಕಿ ಉಂಟಲ್ಲ."